ಕಡಲನೀರಿನ ಅಕ್ವೇರಿಯಂ: ಮರಳುಹಾಸಿನ ಕಪ್ಪು ಪಾಚಿ ಕಲೆಗಳು

ಕಡಲನೀರಿನ ಅಕ್ವೇರಿಯಂನ ತಳದ ಮರಳಿನ ಮೇಲೆ ಕಡುಗೆಂಪು, ನೇರಳೆಗಪ್ಪು, ಕಂದು ಅಥವಾ ಕಡುಹಸಿರು ಬಣ್ಣದಲ್ಲಿ ಹರಡುವ ಜೀವಪದರಗಳಿಗೆ ಮರಳುಹಾಸಿನ ಪಾಚಿ ಕಲೆಗಳು ಎಂದು ಹೆಸರು. ಹವಳ ಮತ್ತು ಕಡಲಮೀನು ಸಾಕುವವರನ್ನು ಮತ್ತೆ ಮತ್ತೆ ಕಾಡುವ ತೊಂದರೆ ಇದು. ಇವುಗಳಲ್ಲಿ ಬಹುಪಾಲು ನಿಜವಾದ ಪಾಚಿಯಲ್ಲ. ಸಯನೋಬ್ಯಾಕ್ಟೀರಿಯ, ಡಯಾಟಮ್ ಮತ್ತು ಡೈನೊಫ್ಲ್ಯಾಜೆಲೇಟ್ ಎಂಬ ಮೂರು ಬೇರೆಬೇರೆ ಜೀವಿಗುಂಪುಗಳು ಬರಿಗಣ್ಣಿಗೆ ಹೆಚ್ಚುಕಡಿಮೆ ಒಂದೇ ರೀತಿ ಕಾಣುವ ಕಲೆಗಳನ್ನು ಮೂಡಿಸುತ್ತವೆ. ಮರಳಿನೊಳಗೆ ಆಮ್ಲಜನಕವಿಲ್ಲದ ಕಡೆ ಹುಟ್ಟುವ ಕಬ್ಬಿಣದ ಸಲ್ಫೈಡ್ ನಾಲ್ಕನೆಯ ಬಗೆಯ ಕಪ್ಪು ಕಲೆಗೆ ಕಾರಣ. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಗೊಬ್ಬರವಾಗಬಹುದು. ಆದ್ದರಿಂದ ಕಲೆ ಯಾವುದೆಂದು ಗುರುತಿಸುವುದೇ ಚಿಕಿತ್ಸೆಯ ಮೊದಲ ಹೆಜ್ಜೆ, ಬಹುತೇಕ ಸಂದರ್ಭಗಳಲ್ಲಿ ನಿರ್ಣಾಯಕ ಹೆಜ್ಜೆಯೂ ಹೌದು.

ಮರಳುಹಾಸಿನ ಸ್ವರೂಪ

ಕಡಲನೀರಿನ ತೊಟ್ಟಿಗಳಲ್ಲಿ ಸಾಮಾನ್ಯವಾಗಿ ಅರಗೊನೈಟ್ ಮರಳನ್ನು ಹಾಸುತ್ತಾರೆ. ಅರಗೊನೈಟ್ ಎಂದರೆ ಹವಳ, ಚಿಪ್ಪು ಮತ್ತು ಸುಣ್ಣಯುಕ್ತ ಪಾಚಿಗಳಿಂದ ಬಂದ ಕ್ಯಾಲ್ಸಿಯಂ ಕಾರ್ಬೊನೇಟಿನ ಒಂದು ಹರಳುರೂಪ. ಲಕ್ಷದ್ವೀಪದ ಬಿಳಿ ಮರಳು ಈ ಜಾತಿಯದು. ಕರ್ನಾಟಕ ಕರಾವಳಿಯ ಮರಳು ಮುಖ್ಯವಾಗಿ ಬೆಣಚುಕಲ್ಲಿನ ಕಣಗಳಿಂದಾದದ್ದು. ನೀರಿನ ಕ್ಷಾರತೆಯನ್ನು ಕಾಪಾಡುವ ಗುಣ ಅದಕ್ಕಿಲ್ಲ.

ಮರಳಿನ ಪ್ರತಿ ಕಣದ ಮೇಲೂ ಬ್ಯಾಕ್ಟೀರಿಯಗಳು ಮನೆಮಾಡಿರುತ್ತವೆ. ಮೇಲಿನ ಪದರದಲ್ಲಿ ಆಮ್ಲಜನಕವಿರುವುದರಿಂದ ಅಲ್ಲಿನ ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೈಟಾಗಿ, ನೈಟ್ರೈಟನ್ನು ನೈಟ್ರೇಟಾಗಿ ಮಾರ್ಪಡಿಸುತ್ತವೆ. ಆಳಕ್ಕಿಳಿದಂತೆ ಆಮ್ಲಜನಕ ಕಡಿಮೆಯಾಗುತ್ತದೆ. ಅಲ್ಲಿನ ಬ್ಯಾಕ್ಟೀರಿಯಗಳು ಉಸಿರಾಟಕ್ಕೆ ನೈಟ್ರೇಟನ್ನೇ ಬಳಸಿ ಅದನ್ನು ಸಾರಜನಕ ಅನಿಲವಾಗಿಸುತ್ತವೆ. ಈ ತತ್ತ್ವವನ್ನು ಆಧರಿಸಿ ಫ್ರಾನ್ಸಿನ ಜೀವಶಾಸ್ತ್ರಜ್ಞ ಝಾಂ ಜೋಬೆರ್, ಮರಳಿನ ಕೆಳಗೆ ನೀರಿನ ಖಾಲಿ ಅಂತಸ್ತು ಬಿಡುವ ವಿಧಾನವನ್ನು ರೂಪಿಸಿದರು. ಅಮೆರಿಕದ ರೊನಾಲ್ಡ್ ಶಿಮೆಕ್ ಮೊದಲಾದವರು 10 ಸೆಂ.ಮೀ.ಗಿಂತ ದಪ್ಪದ ಆಳ ಮರಳುಹಾಸನ್ನು ಜನಪ್ರಿಯಗೊಳಿಸಿದರು. ಇಂದು ಹೆಚ್ಚಿನವರು 2ರಿಂದ 5 ಸೆಂ.ಮೀ. ದಪ್ಪದ ತೆಳು ಹಾಸನ್ನೇ ಬಳಸುತ್ತಾರೆ.

ಮೀನಿನ ಮಲ, ತಿನ್ನದೆ ಉಳಿದ ಆಹಾರ, ಸತ್ತ ಸೂಕ್ಷ್ಮಜೀವಿಗಳು ಎಲ್ಲವೂ ಕೊನೆಗೆ ಬಂದು ಸೇರುವುದು ಈ ಹಾಸಿನ ಮೇಲೆ. ಮೇಲಿನಿಂದ ಬೆಳಕು, ಕೆಳಗಿನಿಂದ ಪೋಷಕಾಂಶ, ಕಣಗಳ ನಡುವೆ ನಿಂತ ನೀರು ಮೂರೂ ಒಂದೆಡೆ ಸಿಗುವ ಜಾಗ ಇದೊಂದೇ. ಬಂಡೆ ಮತ್ತು ಗಾಜು ಸ್ವಚ್ಛವಾಗಿದ್ದರೂ ಮರಳಿನ ಮೇಲೆ ಕಲೆ ಮೂಡುವುದಕ್ಕೆ ಕಾರಣ ಇದೇ.

ಕಲೆಗಳ ಬಗೆಗಳು

ಸಯನೋಬ್ಯಾಕ್ಟೀರಿಯ: ಕಪ್ಪು ಕಲೆಗಳಲ್ಲಿ ಅತಿ ಸಾಮಾನ್ಯವಾದುದು ಇದು. ಕಡುಗೆಂಪಿನಿಂದ ನೇರಳೆಗಪ್ಪಿನವರೆಗೆ, ಕೆಲವೊಮ್ಮೆ ನೀಲಿಹಸಿರಾಗಿ, ಲೋಳೆಯ ಹೊದಿಕೆಯಂತೆ ಮರಳಿನ ಮೇಲೆ ಹರಡುತ್ತದೆ. ಅಂಚನ್ನು ಹಿಡಿದೆತ್ತಿದರೆ ಪದರವಾಗಿಯೇ ಕಿತ್ತು ಬರುತ್ತದೆ. ಬೆಳಕಿದ್ದಾಗ ಪದರದಡಿ ಆಮ್ಲಜನಕದ ಗುಳ್ಳೆಗಳು ಸಿಕ್ಕಿಕೊಂಡಿರುತ್ತವೆ. ಹಸಿರು ಕ್ಲೋರೊಫಿಲ್ ಜೊತೆಗೆ ಫೈಕೊಎರಿತ್ರಿನ್ ಎಂಬ ಕೆಂಪು ವರ್ಣಕವೂ ಫೈಕೊಸಯನಿನ್ ಎಂಬ ನೀಲಿ ವರ್ಣಕವೂ ಸೇರುವುದರಿಂದ ಈ ಗಾಢ ಬಣ್ಣ ಬರುತ್ತದೆ. ಹಸಿರು ಸಸ್ಯಗಳು ಬಿಟ್ಟುಬಿಡುವ ಹಸಿರು ಮತ್ತು ಕಿತ್ತಳೆ ಬೆಳಕನ್ನೂ ಈ ವರ್ಣಕಗಳ ನೆರವಿನಿಂದ ಸಯನೋಬ್ಯಾಕ್ಟೀರಿಯ ಬಳಸಿಕೊಳ್ಳುತ್ತದೆ. ಆಸಿಲೇಟೋರಿಯ, ಲಿಂಗ್ಬ್ಯ, ಫಾರ್ಮಿಡಿಯಂ, ಸ್ಪಿರುಲಿನ ಕುಲಗಳಿಗೆ ಸೇರಿದವು ತೊಟ್ಟಿಗಳಲ್ಲಿ ಕಾಣಸಿಗುತ್ತವೆ.

ಡಯಾಟಮ್: ಹೊಸ ತೊಟ್ಟಿಯಲ್ಲಿ ಮೊದಲ ಕೆಲವು ವಾರಗಳಲ್ಲಿ ಬರುವ ಹೊನ್ನಗಂದು ಪುಡಿ. ಲೋಳೆ ಅಷ್ಟಾಗಿ ಇರುವುದಿಲ್ಲ, ಕೈಯಾಡಿಸಿದರೆ ಮೋಡದಂತೆ ಏಳುತ್ತದೆ. ಡಯಾಟಮ್‌ಗಳ ಕೋಶಕವಚ ಸಿಲಿಕದಿಂದಾದದ್ದು. ನೀರಿನ ಸಿಲಿಕೇಟ್ ಮುಗಿದೊಡನೆ ಬಹುತೇಕ ತೊಟ್ಟಿಗಳಲ್ಲಿ ಇದು ತಾನಾಗಿಯೇ ಇಳಿಮುಖವಾಗುತ್ತದೆ.

ಡೈನೊಫ್ಲ್ಯಾಜೆಲೇಟ್: ಕಂದುಬಣ್ಣದ, ಎಳೆಎಳೆಯಾಗಿ ಜೋಲುವ ಲೋಳೆ. ಎಳೆಗಳ ತುದಿಯಲ್ಲಿ ಗುಳ್ಳೆಗಳಿರುತ್ತವೆ. ಬೆಳಗ್ಗೆ ಬಹುತೇಕ ಮಾಯವಾಗಿದ್ದು, ದೀಪ ಹಚ್ಚಿ ಕೆಲವು ಗಂಟೆ ಕಳೆದ ಮೇಲೆ ಮತ್ತೆ ದಟ್ಟವಾಗುವುದು ಇದರ ಲಕ್ಷಣ. ಆಸ್ಟ್ರಿಯಾಪ್ಸಿಸ್, ಆಂಫಿಡಿನಿಯಂ, ಪ್ರೊರೊಸೆಂಟ್ರಂ, ಕೂಲಿಯ ಇವು ಸಾಮಾನ್ಯ ಕುಲಗಳು. ಆಂಫಿಡಿನಿಯಂ ಹೆಚ್ಚಾಗಿ ಮರಳಿಗೇ ಅಂಟಿಕೊಂಡು ಧೂಳಿನಂತೆ ಕಾಣುವುದರಿಂದ ಅದನ್ನು ಡಯಾಟಮ್ ಎಂದು ತಪ್ಪಾಗಿ ತಿಳಿಯುವವರು ಬಹಳ. ಆಸ್ಟ್ರಿಯಾಪ್ಸಿಸ್‌ನ ಕೆಲವು ಪ್ರಭೇದಗಳು ಪ್ಯಾಲಿಟಾಕ್ಸಿನ್ ಜಾತಿಯ ಪ್ರಬಲ ವಿಷವನ್ನು ತಯಾರಿಸುತ್ತವೆ. 2005ರಲ್ಲಿ ಇಟಲಿಯ ಜಿನೋವ ಕಡಲತೀರದಲ್ಲಿ ಇದು ಅತಿಯಾಗಿ ಬೆಳೆದಾಗ ಗಾಳಿಯ ತುಂತುರಿನಿಂದಲೇ ಸುಮಾರು 200 ಜನ ಜ್ವರ, ಕೆಮ್ಮು, ಉಸಿರಾಟದ ತೊಂದರೆಗೆ ಚಿಕಿತ್ಸೆ ಪಡೆಯಬೇಕಾಯಿತು. ಗುರುತು ಸಿಗದ ಲೋಳೆಯನ್ನು ಮುಟ್ಟುವಾಗ ಕೈಗವಸು ಹಾಕಿಕೊಳ್ಳಬೇಕು ಎನ್ನುವುದು ಇದಕ್ಕಾಗಿ.

ಸಲ್ಫೈಡ್ ಕಲೆ: ಇದು ಮರಳಿನ ಮೇಲಲ್ಲ, ಒಳಗೆ ಇರುವ ಕಪ್ಪು. ಒಂದು ಕಿಲೋಗ್ರಾಂ ಕಡಲನೀರಿನಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್ ಇರುತ್ತದೆ. ಆಮ್ಲಜನಕವೂ ನೈಟ್ರೇಟೂ ಇಲ್ಲದ ಕಡೆ ಕೆಲವು ಬ್ಯಾಕ್ಟೀರಿಯಗಳು ಈ ಸಲ್ಫೇಟನ್ನು ಬಳಸಿ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಅದು ಕಬ್ಬಿಣದೊಂದಿಗೆ ಕೂಡಿ ಕಪ್ಪು ಕಬ್ಬಿಣದ ಸಲ್ಫೈಡ್ ಆಗುತ್ತದೆ. ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಹೈಡ್ರೋಜನ್ ಸಲ್ಫೈಡ್ ಮೀನುಗಳಿಗೆ ಮಾರಕ.

ಗುರುತಿಸುವ ವಿಧಾನ

ಸೂಕ್ಷ್ಮದರ್ಶಕವೇ ಖಚಿತ ಮಾರ್ಗ. ಶಾಲೆ ಕಾಲೇಜುಗಳ ಪ್ರಯೋಗಾಲಯದಲ್ಲಿರುವ, 400 ಪಟ್ಟು ದೊಡ್ಡದಾಗಿ ತೋರಿಸುವ ಸಾಧಾರಣ ಉಪಕರಣವೂ ಸಾಕು. ಸಯನೋಬ್ಯಾಕ್ಟೀರಿಯ ಕವಲಿಲ್ಲದ ಉದ್ದನೆಯ ತಂತುಗಳಾಗಿ ಕಾಣುತ್ತದೆ. ಆಸಿಲೇಟೋರಿಯದ ತಂತುಗಳು ನಿಧಾನವಾಗಿ ತೊನೆಯುತ್ತ ಜಾರುತ್ತವೆ. ಡಯಾಟಮ್‌ಗಳು ಗಾಜಿನಲ್ಲಿ ಕೊರೆದಂಥ, ಸಮಪಾರ್ಶ್ವದ ದೋಣಿ ಅಥವಾ ಕಡ್ಡಿಯ ಆಕಾರದವು. ಆಸ್ಟ್ರಿಯಾಪ್ಸಿಸ್ ಹನಿಯಾಕಾರದ್ದು, ಒಂದು ಬಿಂದುವಿಗೆ ದಾರ ಕಟ್ಟಿದ ಹಾಗೆ ಸುತ್ತುತ್ತಿರುತ್ತದೆ. ಆಂಫಿಡಿನಿಯಂ ಮೊಟ್ಟೆಯಾಕಾರದ್ದು, ಒಂದು ತುದಿಯಲ್ಲಿ ಚಿಕ್ಕ ಕೊಕ್ಕಿನಂಥ ಭಾಗವಿದ್ದು ಮರಳಿನ ಮೇಲೆ ತೆವಳುತ್ತದೆ.

ಸೂಕ್ಷ್ಮದರ್ಶಕ ಸಿಗದಿದ್ದರೆ ಸೋಸುವ ಪರೀಕ್ಷೆ ಮಾಡಬಹುದು. ಸ್ವಲ್ಪ ಲೋಳೆಯನ್ನು ತೊಟ್ಟಿಯ ನೀರಿನೊಂದಿಗೆ ಸೀಸೆಗೆ ಹಾಕಿ, ಅದು ಚೂರುಚೂರಾಗುವಂತೆ ಜೋರಾಗಿ ಕುಲುಕಬೇಕು. ಅದನ್ನು ಕಾಫಿ ಸೋಸುವ ಕಾಗದದಲ್ಲಿ ಸೋಸಿ, ಇಳಿದ ನೀರನ್ನು ಸುಮಾರು ಒಂದು ಗಂಟೆ ಬೆಳಕಿನಲ್ಲಿಡಬೇಕು. ಬಿಡಿಬಿಡಿಯಾಗಿದ್ದ ಕೋಶಗಳು ಮತ್ತೆ ಕೂಡಿ ಎಳೆಯಾದರೆ ಅದು ಡೈನೊಫ್ಲ್ಯಾಜೆಲೇಟ್ ಎನ್ನಲು ಬಲವಾದ ಸೂಚನೆ. ನೀರು ತಿಳಿಯಾಗಿಯೇ ಉಳಿದರೆ ಸಯನೋಬ್ಯಾಕ್ಟೀರಿಯದ ಸಾಧ್ಯತೆ ಹೆಚ್ಚು.

ಬೆಳೆಯಲು ಕಾರಣಗಳು

ಪೋಷಕಾಂಶಗಳ ಏರುಪೇರು: ಅಮೆರಿಕದ ಸಾಗರವಿಜ್ಞಾನಿ ಆಲ್ಫ್ರೆಡ್ ರೆಡ್‌ಫೀಲ್ಡ್, ಕಡಲಿನ ಪ್ಲವಕಗಳಲ್ಲಿ ಇಂಗಾಲ, ಸಾರಜನಕ, ರಂಜಕಗಳು ಬಹುಮಟ್ಟಿಗೆ ನಿಶ್ಚಿತ ಅನುಪಾತದಲ್ಲಿರುತ್ತವೆ ಎಂದು 1934ರಲ್ಲಿ ತೋರಿಸಿದರು. ಇಂದು ಈ ಅನುಪಾತವನ್ನು 106:16:1 ಎಂದು ಬರೆಯುತ್ತಾರೆ. ತೊಟ್ಟಿಯಲ್ಲಿ ಫಾಸ್ಫೇಟ್ ಉಳಿದು ನೈಟ್ರೇಟ್ ಶೂನ್ಯಕ್ಕಿಳಿದರೆ ಪಾಚಿಗಳೂ ಇತರ ಬ್ಯಾಕ್ಟೀರಿಯಗಳೂ ಹಿಂದೆ ಬೀಳುತ್ತವೆ. ನೀರಿನಲ್ಲಿ ಕರಗಿದ ಸಾರಜನಕ ಅನಿಲವನ್ನೇ ಸ್ಥಿರೀಕರಿಸಬಲ್ಲ ಕೆಲವು ಸಯನೋಬ್ಯಾಕ್ಟೀರಿಯಗಳು ಆಗ ಪೈಪೋಟಿಯಿಲ್ಲದೆ ಬೆಳೆಯುತ್ತವೆ. ನೈಟ್ರೇಟ್, ಫಾಸ್ಫೇಟ್ ಎರಡೂ ಶೂನ್ಯವಾದ ತೊಟ್ಟಿಗಳಲ್ಲಿ ಡೈನೊಫ್ಲ್ಯಾಜೆಲೇಟ್‌ಗಳು ಮೇಲುಗೈ ಪಡೆಯುವುದನ್ನು ಸಾಕುವವರು ಪದೇಪದೇ ಕಂಡಿದ್ದಾರೆ.

ಪರೀಕ್ಷೆಯ ಫಲಿತಾಂಶವನ್ನು ಓದುವಾಗ ಎರಡು ವಿಷಯ ನೆನಪಿರಬೇಕು. ಕಲೆಯ ಜೀವಿಗಳೇ ಪೋಷಕಾಂಶಗಳನ್ನು ಹೀರುತ್ತಿರುವುದರಿಂದ ನೀರಿನಲ್ಲಿ ಅವು ಕಡಿಮೆ ಕಾಣಬಹುದು. ಅರಗೊನೈಟ್ ಫಾಸ್ಫೇಟನ್ನು ತನ್ನ ಮೇಲ್ಮೈಯಲ್ಲಿ ಹಿಡಿದಿಟ್ಟುಕೊಂಡು, ನೀರಿನಲ್ಲಿ ಅದು ಕಡಿಮೆಯಾದಾಗ ಮೆಲ್ಲಗೆ ಬಿಡುತ್ತದೆ. ನೀರು ಸ್ವಚ್ಛವೆಂದು ಪರೀಕ್ಷೆ ಹೇಳುತ್ತಿದ್ದರೂ ಮರಳಿನ ಮೇಲಿನ ಕಲೆ ಮುಂದುವರಿಯುವುದಕ್ಕೆ ಇವು ಕಾರಣ.

ನೀರಿನ ಮೂಲ: ತೊಟ್ಟಿಯಿಂದ ಆವಿಯಾಗಿ ಹೋಗುವುದು ನೀರು ಮಾತ್ರ. ಅದರಲ್ಲಿದ್ದ ಲವಣ, ನೈಟ್ರೇಟ್, ಸಿಲಿಕೇಟ್ ಎಲ್ಲವೂ ಉಳಿಯುತ್ತವೆ. ಆವಿಯಾದದ್ದನ್ನು ತುಂಬಿಸಲು ನಲ್ಲಿ ಅಥವಾ ಕೊಳವೆಬಾವಿ ನೀರು ಹಾಕುತ್ತ ಹೋದರೆ ಇವು ದಿನದಿನಕ್ಕೂ ಶೇಖರವಾಗುತ್ತವೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂವರೆಗೆ ನೈಟ್ರೇಟ್ ಇರಬಹುದು. ಹವಳದ ತೊಟ್ಟಿಯಲ್ಲಿ ಸಾಮಾನ್ಯವಾಗಿ ಬಯಸುವುದು 2ರಿಂದ 10 ಮಿಲಿಗ್ರಾಂ ಮಾತ್ರ. ನಮಗೆ ಕುಡಿಯಲು ಯೋಗ್ಯವಾದ ನೀರು ಹವಳಕ್ಕೆ ಯೋಗ್ಯವಾಗಿರಬೇಕಿಲ್ಲ. ಗ್ರಾನೈಟ್ ಮತ್ತು ನೈಸ್ ಶಿಲೆಗಳ ಮೇಲಿರುವ ಬೆಂಗಳೂರು, ಕೋಲಾರ, ತುಮಕೂರು ಭಾಗದ ಕೊಳವೆಬಾವಿ ನೀರಿನಲ್ಲಿ ಶಿಲೆಗಳಿಂದ ಕರಗಿ ಬಂದ ಸಿಲಿಕವೂ ಇರುತ್ತದೆ. ಹೀಗಾಗಿ ಇಲ್ಲಿನ ತೊಟ್ಟಿಗಳಿಗೆ ಆರ್‌ಒ ಜೊತೆಗೆ ಡಿಅಯೊನೈಸೇಷನ್ ರಾಳದ ಹಂತವೂ ಬೇಕು. ರುಚಿಗಾಗಿ ಖನಿಜ ಬೆರೆಸುವ ಅಥವಾ ಸ್ವಲ್ಪ ಮೂಲ ನೀರನ್ನು ಸೇರಿಸುವ ಮನೆಬಳಕೆಯ ಶುದ್ಧೀಕರಣ ಯಂತ್ರ ಈ ಕೆಲಸಕ್ಕೆ ಒದಗುವುದಿಲ್ಲ. ನೀರಿನಲ್ಲಿ ಕರಗಿದ ವಸ್ತುಗಳನ್ನು ಅಳೆಯುವ ಟಿಡಿಎಸ್ ಮಾಪಕ ಸೊನ್ನೆ ತೋರಿಸಬೇಕು.

ಮಂದ ಹರಿವು: ಮರಳಿನ ಮೇಲೆ ನಿಂತ ನೀರಿನ ತೆಳುಪದರದಲ್ಲಿ ಕೊಳೆಯುವ ವಸ್ತು ಶೇಖರವಾಗುತ್ತದೆ. ಲೋಳೆಪದರ ಒಮ್ಮೆ ಕೂತರೆ ಅದರಡಿಯಲ್ಲಿ ತನ್ನದೇ ಆದ ವಾತಾವರಣ ನಿರ್ಮಾಣವಾಗುತ್ತದೆ. ರಾತ್ರಿ ಅಲ್ಲಿ ಆಮ್ಲಜನಕ ಮುಗಿದು, ಮರಳಿಗೆ ಅಂಟಿದ್ದ ಫಾಸ್ಫೇಟ್ ಬಿಡುಗಡೆಯಾಗಿ ಆ ಪದರಕ್ಕೇ ಆಹಾರವಾಗುತ್ತದೆ.

ಜೀವವೈವಿಧ್ಯದ ಕೊರತೆ: ಕಡಲಿನಿಂದ ತಂದ, ಸೂಕ್ಷ್ಮಜೀವಿಗಳು ನೆಲೆಸಿರುವ ಜೀವಂತ ಬಂಡೆಯ ಬದಲು ಒಣಗಿದ ಬಂಡೆ, ಒಣ ಮರಳಿನಿಂದ ಆರಂಭಿಸಿದ ತೊಟ್ಟಿಗಳಲ್ಲಿ ಆರಂಭದ ತಿಂಗಳುಗಳಲ್ಲಿ ಸೂಕ್ಷ್ಮಜೀವಿಗಳ ವೈವಿಧ್ಯ ಕಡಿಮೆ. ಖಾಲಿ ಬಿದ್ದ ನೆಲವನ್ನು ವೇಗವಾಗಿ ಬೆಳೆಯುವ ಒಂದೆರಡು ಜೀವಿಗಳು ಆಕ್ರಮಿಸಿಕೊಳ್ಳುತ್ತವೆ. ಇಂಥ ಹಂತವನ್ನು ತಾಳ್ಮೆಯಿಂದ ದಾಟಬೇಕು. ವಾರವಾರ ಹೊಸ ಔಷಧ ಸುರಿದರೆ ನೆಲೆಯೂರುತ್ತಿರುವ ಉಪಕಾರಿ ಜೀವಿಗಳೇ ನಾಶವಾಗುತ್ತವೆ.

ನಿವಾರಣೆ: ಸಯನೋಬ್ಯಾಕ್ಟೀರಿಯ

ಮೊದಲು ಪದರವನ್ನು ಕೈಯಾರೆ ತೆಗೆಯಬೇಕು. ಕೆದಕದೆ, ಸಣ್ಣ ಕೊಳವೆಯಿಂದ ಸೈಫನ್ ಮಾಡಿ ಹೊರಗೆ ಹರಿಸಬೇಕು. ಕೆದಕಿದರೆ ತಂತುಗಳು ಚೂರಾಗಿ ತೊಟ್ಟಿಯೆಲ್ಲ ಹರಡುತ್ತವೆ. ತೆಗೆದ ಲೋಳೆಯೊಂದಿಗೆ ಅದು ಹೀರಿಕೊಂಡ ಸಾರಜನಕ, ರಂಜಕಗಳೂ ತೊಟ್ಟಿಯಿಂದ ಹೊರಹೋಗುತ್ತವೆ. ತೊಟ್ಟಿಯೊಳಗೇ ಕೊಂದರೆ ಅವೆಲ್ಲ ಮತ್ತೆ ನೀರಿಗೇ ಸೇರುತ್ತವೆ.

ಬಳಿಕ ವೇವ್‌ಮೇಕರ್ ಪಂಪಿನ ದಿಕ್ಕನ್ನು ಬದಲಿಸಿ, ಕಲೆ ಮೂಡುವ ಮೂಲೆಗಳಲ್ಲಿ ನೀರು ಆಡುವಂತೆ ಮಾಡಬೇಕು. ಮರಳು ಏಳಬಾರದು, ಅದರ ಮೇಲಿನ ಕಸ ಮಾತ್ರ ತೇಲಿ ಸೋಸಕಕ್ಕೆ ಹೋಗಬೇಕು. ಶೈತ್ಯೀಕರಿಸಿದ ಆಹಾರವನ್ನು ಕರಗಿಸಿ, ಅದರಿಂದ ಬಂದ ನೀರನ್ನು ಬಸಿದು ಚೆಲ್ಲಿ, ಆಹಾರವನ್ನಷ್ಟೇ ತೊಟ್ಟಿಗೆ ಹಾಕಬೇಕು. ನೀರಿನ ಕಶ್ಮಲವನ್ನು ನೊರೆಯೊಂದಿಗೆ ಹೊರತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಚೆನ್ನಾಗಿ ನೊರೆ ತೆಗೆಯುತ್ತಿದೆಯೇ ಎಂದು ನೋಡಬೇಕು.

ನೀರು ಬದಲಾವಣೆಯಿಂದ ಆಗುವುದೆಷ್ಟು ಎಂಬ ಲೆಕ್ಕ ಸ್ಪಷ್ಟವಿರಲಿ. 20 ಪಿಪಿಎಂ (ಲೀಟರಿಗೆ ಸುಮಾರು 20 ಮಿಲಿಗ್ರಾಂ) ನೈಟ್ರೇಟ್ ಇರುವ ತೊಟ್ಟಿಯಲ್ಲಿ ಶೇಕಡ 20ರಷ್ಟು ನೀರನ್ನು ನೈಟ್ರೇಟ್ ಇಲ್ಲದ ನೀರಿನಿಂದ ಬದಲಿಸಿದರೆ ಅದು 16ಕ್ಕೆ ಇಳಿಯುತ್ತದೆ, ಇನ್ನೊಮ್ಮೆ ಬದಲಿಸಿದರೆ 12.8ಕ್ಕೆ. ಒಳಬರುವ ಆಹಾರವನ್ನು ಮಿತಗೊಳಿಸದೆ ನೀರು ಬದಲಾವಣೆಯೊಂದರಿಂದಲೇ ಸಮಸ್ಯೆ ಪರಿಹಾರವಾಗದು. ಫಾಸ್ಫೇಟ್ ಹೆಚ್ಚಿದ್ದರೆ ಕಬ್ಬಿಣದ ಆಕ್ಸೈಡಿನ ಹರಳುಗಳನ್ನು ಬಳಸಬಹುದು, ಆದರೆ ಸ್ವಲ್ಪಸ್ವಲ್ಪವಾಗಿ. ಒಮ್ಮೆಲೇ ಇಳಿಸಿದರೆ ಹವಳಗಳು ಬಿಳಿಚಿಕೊಳ್ಳುವ ಅಪಾಯವಿದೆ. ತೊಟ್ಟಿಗೆ ಜೋಡಿಸಿದ ಪ್ರತ್ಯೇಕ ಅಂಕಣದಲ್ಲಿ ಕೀಟೊಮಾರ್ಫ ಪಾಚಿಯನ್ನು ಬೆಳೆಸಿ ಆಗಾಗ ಕತ್ತರಿಸಿ ತೆಗೆಯುವುದು ನಿಧಾನವಾದರೂ ಬಾಳಿಕೆ ಬರುವ ಉಪಾಯ. ನೈಟ್ರೇಟ್ ಶೂನ್ಯವಿದ್ದು ಫಾಸ್ಫೇಟ್ ಉಳಿದಿದ್ದರೆ, ನೈಟ್ರೇಟನ್ನು ಕೊಂಚ ಏರಿಸುವುದೇ ಸರಿಯಾದ ಕ್ರಮ.

ಮೂರು ದಿನ ದೀಪ ಆರಿಸಿ ತೊಟ್ಟಿಯನ್ನು ಪೂರ್ತಿ ಕತ್ತಲಲ್ಲಿಡುವ ವಿಧಾನವೂ ಬಳಕೆಯಲ್ಲಿದೆ. ಪದರ ಬಲಹೀನವಾಗುತ್ತದೆ, ಆದರೆ ಕಾರಣ ಹಾಗೆಯೇ ಉಳಿದರೆ ಕಲೆ ಮರಳಿ ಬರುತ್ತದೆ. ಸಾಯುವ ಪದರ ಕೊಳೆಯುವಾಗ ಆಮ್ಲಜನಕ ಕಡಿಮೆಯಾಗುವುದರಿಂದ ಆ ದಿನಗಳಲ್ಲಿ ಗಾಳಿ ಪಂಪ್ ನಡೆಯುತ್ತಲೇ ಇರಬೇಕು. ವಿದ್ಯುತ್ ಕಡಿತವಿರುವ ಊರುಗಳಲ್ಲಿ ಬ್ಯಾಟರಿ ಚಾಲಿತ ಗಾಳಿ ಪಂಪ್ ಜೊತೆಗಿರದೆ ಇದಕ್ಕೆ ಕೈಹಾಕಬಾರದು.

ಎರಿತ್ರೊಮೈಸಿನ್ ಎಂಬ ಪ್ರತಿಜೀವಕ ಸಯನೋಬ್ಯಾಕ್ಟೀರಿಯವನ್ನು ಬೇಗನೆ ಕೊಲ್ಲುತ್ತದೆ. ಅದು ಬ್ಯಾಕ್ಟೀರಿಯಗಳ ಪ್ರೋಟೀನ್ ತಯಾರಿಕೆಯನ್ನೇ ತಡೆಯುವುದರಿಂದ ಅಮೋನಿಯವನ್ನು ಶುದ್ಧಿಮಾಡುವ ಬ್ಯಾಕ್ಟೀರಿಯಗಳಿಗೂ ಧಕ್ಕೆಯಾಗಬಹುದು. ಭಾರತದಲ್ಲಿ ಇದು ವೈದ್ಯರ ಚೀಟಿಯ ಮೇಲೆ ಮಾತ್ರ ಮಾರಬೇಕಾದ ಔಷಧ. ಮನುಷ್ಯರ ಸೋಂಕಿಗೆ ಬೇಕಾದ ಮದ್ದನ್ನು ತೊಟ್ಟಿಗೆ ಸುರಿದು, ಆ ನೀರನ್ನು ಚರಂಡಿಗೆ ಬಿಟ್ಟರೆ ಔಷಧಕ್ಕೆ ಬಗ್ಗದ ರೋಗಾಣುಗಳು ಹುಟ್ಟಲು ದಾರಿಯಾಗುತ್ತದೆ. ಅಂದಕ್ಕೆ ಮಾತ್ರ ತೊಡಕಾದ ಕಲೆಗೆ ಈ ಬೆಲೆ ತೆರುವುದು ಸರಿಯಲ್ಲ. ತಾಮ್ರಯುಕ್ತ ಪಾಚಿನಾಶಕಗಳಂತೂ ಹವಳ, ಸಿಗಡಿ, ಬಸವನಹುಳುಗಳಿಗೆ ವಿಷ. ಅವನ್ನು ಹವಳದ ತೊಟ್ಟಿಯ ಹತ್ತಿರವೂ ತರಬಾರದು.

ನಿವಾರಣೆ: ಉಳಿದ ಬಗೆಗಳು

ಡೈನೊಫ್ಲ್ಯಾಜೆಲೇಟ್‌ಗೆ ಕ್ರಮ ಬಹುತೇಕ ತದ್ವಿರುದ್ಧ. ಫಾಸ್ಫೇಟ್ ಹೀರುವ ಹರಳುಗಳನ್ನು ತೆಗೆದು, ನೈಟ್ರೇಟನ್ನು 5ರಿಂದ 10 ಪಿಪಿಎಂ, ಫಾಸ್ಫೇಟನ್ನು 0.05ರಿಂದ 0.1 ಪಿಪಿಎಂ ಮಟ್ಟಕ್ಕೆ ಏರಿಸಿ, ಪೈಪೋಟಿ ಕೊಡುವ ಜೀವಿಗಳಿಗೆ ಅವಕಾಶ ಮಾಡಿಕೊಡುವುದು ಈಗ ರೂಢಿಯಲ್ಲಿರುವ ಪದ್ಧತಿ. ರಾತ್ರಿ ನೀರಿಗೆ ತೇಲಿಬರುವ ಆಸ್ಟ್ರಿಯಾಪ್ಸಿಸ್ ವಿರುದ್ಧ ಅತಿನೇರಳೆ ದೀಪದ ಶುದ್ಧೀಕಾರಕ ಕೆಲಸ ಮಾಡುತ್ತದೆ. ಮರಳು ಬಿಟ್ಟೇಳದ ಆಂಫಿಡಿನಿಯಂಗೆ ಅದು ತಾಗುವುದೇ ಇಲ್ಲ. ಅಲ್ಲಿ ಸಿಲಿಕೇಟ್ ಸೇರಿಸಿ ಡಯಾಟಮ್‌ಗಳನ್ನು ಬೆಳೆಸಿ, ಅವು ಜಾಗ ಕಸಿದುಕೊಳ್ಳುವಂತೆ ಮಾಡುತ್ತಾರೆ. ಆರೋಗ್ಯವಾಗಿರುವ ಹಳೆಯ ತೊಟ್ಟಿಯಿಂದ ಒಂದಿಷ್ಟು ಮರಳು ಅಥವಾ ಬಂಡೆಯ ಚೂರು ತಂದು ಸೇರಿಸುವುದರಿಂದ ಜೀವವೈವಿಧ್ಯ ಹೆಚ್ಚುತ್ತದೆ.

ಡಯಾಟಮ್‌ಗೆ ಶುದ್ಧ ನೀರು ಮತ್ತು ಕಾಯುವಿಕೆ ಬಿಟ್ಟರೆ ಬೇರೆ ಚಿಕಿತ್ಸೆ ಸಾಮಾನ್ಯವಾಗಿ ಬೇಡ. ಸಲ್ಫೈಡ್ ಕಲೆಯಿರುವ ಹಳೆಯ ದಪ್ಪ ಹಾಸನ್ನು ಒಂದೇ ಸಲ ಕಲಕಬಾರದು. ಸಣ್ಣ ಭಾಗಗಳಾಗಿ, ವಾರಗಳ ಅಂತರದಲ್ಲಿ ಸೈಫನ್ ಮಾಡಿ ತೆಗೆಯಬೇಕು.

ಮರಳು ಕಾಯುವ ಜೀವಿಗಳು

ಸೆರಿತ್ ಬಸವನಹುಳುಗಳು ಮರಳಿನ ಮೇಲಿನ ಡಯಾಟಮ್ ಮತ್ತು ತೆಳು ಪಾಚಿಯನ್ನು ಮೇಯುತ್ತವೆ. ನಸ್ಸೇರಿಯಸ್ ಬಸವನಹುಳುಗಳು ಪಾಚಿ ತಿನ್ನುವುದಿಲ್ಲ. ಉಳಿದ ಆಹಾರವನ್ನು ತಿಂದು, ಮರಳಿನೊಳಗೆ ಹೂತು ಓಡಾಡುತ್ತ ಅದನ್ನು ಸಡಿಲವಾಗಿಡುತ್ತವೆ. ಸ್ಟ್ರಾಂಬಸ್ ಜಾತಿಯ ಶಂಖದಹುಳುಗಳೂ ಡಯಾಟಮ್ ಪ್ರಿಯರು. ವ್ಯಾಲೆನ್ಸಿಯೆನಿಯ ಕುಲದ ಗೋಬಿ ಮೀನುಗಳು ಬಾಯಿತುಂಬ ಮರಳು ತುಂಬಿಕೊಂಡು ಜೀವಿಗಳನ್ನು ಸೋಸಿ, ಮರಳನ್ನು ಕಿವಿರಿನಿಂದ ಹೊರಬಿಡುತ್ತವೆ; ಚಿಕ್ಕ ತೊಟ್ಟಿಯಲ್ಲಿ ಆಹಾರ ಸಾಲದೆ ಸೊರಗುತ್ತವೆ. ಸಯನೋಬ್ಯಾಕ್ಟೀರಿಯದ ದಪ್ಪ ಪದರವನ್ನು ಇವುಗಳಲ್ಲಿ ಹೆಚ್ಚಿನವು ಮುಟ್ಟುವುದಿಲ್ಲ. ವಿಷಕಾರಿ ಡೈನೊಫ್ಲ್ಯಾಜೆಲೇಟ್ ತಿಂದ ಹುಳುಗಳು ಸಾಯುವುದೂ ಉಂಟು. ಕಲೆ ತಡೆಯಲು ಇವು ನೆರವಾಗುತ್ತವೆ, ಬೆಳೆದ ಕಲೆಗೆ ಇವು ಮದ್ದಲ್ಲ.

ಕಡಲ ಸೌತೆಗಳು ಮರಳನ್ನು ನುಂಗಿ ಶುದ್ಧಮಾಡುವುದರಲ್ಲಿ ಎತ್ತಿದ ಕೈ. ಆದರೆ ಭಾರತದ ಕಡಲಿನಿಂದ ಅವನ್ನು ಹಿಡಿಯುವುದು ಅಪರಾಧ. 2001ರಿಂದ ಅವೂ, ಬಂಡೆ ಕಟ್ಟುವ ಹವಳಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ನೇತ್ರಾಣಿ ಅಥವಾ ಲಕ್ಷದ್ವೀಪದ ಹವಳದ ನೆಲೆಗಳಿಂದ ತೊಟ್ಟಿಗೆಂದು ಜೀವಂತ ಬಂಡೆ ಕಿತ್ತು ತರುವುದು ಕಾನೂನಿಗೂ ಕಡಲಿನ ಹಿತಕ್ಕೂ ವಿರುದ್ಧ.

ನಿಸರ್ಗದಲ್ಲಿ ಮತ್ತು ಅಧ್ಯಯನದಲ್ಲಿ

ಸಯನೋಬ್ಯಾಕ್ಟೀರಿಯ ಭೂಮಿಯ ಅತಿ ಪ್ರಾಚೀನ ಜೀವಿಗಳಲ್ಲೊಂದು. ಸುಮಾರು 240 ಕೋಟಿ ವರ್ಷಗಳ ಹಿಂದೆ ವಾತಾವರಣಕ್ಕೆ ಆಮ್ಲಜನಕ ತುಂಬಿದ್ದು ಇವುಗಳ ದ್ಯುತಿಸಂಶ್ಲೇಷಣೆಯೇ. ಇಂಥ ಸೂಕ್ಷ್ಮಜೀವಿ ಪದರಗಳು ಕೆಸರುಕಣಗಳನ್ನು ಹಿಡಿದು ಒಂದರ ಮೇಲೊಂದು ಕೂಡಿ ಸ್ಟ್ರೊಮಟೊಲೈಟ್ ಎಂಬ ಪದರಗಲ್ಲುಗಳಾದವು. ಕರ್ನಾಟಕದ ಚಿತ್ರದುರ್ಗ ಶಿಲಾವಲಯದಲ್ಲಿ 250 ಕೋಟಿ ವರ್ಷಗಳಿಗೂ ಹಳೆಯ ಸ್ಟ್ರೊಮಟೊಲೈಟ್‌ಗಳಿವೆ. ಆಸ್ಟ್ರೇಲಿಯದ ಶಾರ್ಕ್ ಕೊಲ್ಲಿಯಲ್ಲಿ ಅವು ಇಂದಿಗೂ ಜೀವಂತವಾಗಿ ಬೆಳೆಯುತ್ತಿವೆ.

ತೆರೆದ ಕಡಲಿನಲ್ಲಿ ತೇಲುವ ಟ್ರೈಕೊಡೆಸ್ಮಿಯಂ ಎಂಬ ಸಯನೋಬ್ಯಾಕ್ಟೀರಿಯವನ್ನು ಜರ್ಮನಿಯ ಎಹ್ರೆನ್‌ಬರ್ಗ್ 1830ರಲ್ಲಿ ಕೆಂಪು ಸಮುದ್ರದಿಂದ ವರ್ಣಿಸಿದರು. ಇದು ಅರಬ್ಬಿ ಸಮುದ್ರದಲ್ಲೂ ದಟ್ಟವಾಗಿ ಬೆಳೆಯುತ್ತದೆ. ಮಂಗಳೂರಿನ ಕಡಲಿನಲ್ಲಿ ಅದು ಅಸಾಧಾರಣವಾಗಿ ಹಬ್ಬಿದ್ದರ ಬಗ್ಗೆ 1965ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ವರದಿ ಬಂತು. ಮದರಾಸು ವಿಶ್ವವಿದ್ಯಾಲಯದ ಟಿ. ವಿ. ದೇಶಿಕಾಚಾರಿಯವರ 'ಸಯನೋಫೈಟ' (1959) ಈ ಗುಂಪಿನ ವರ್ಗೀಕರಣಕ್ಕೆ ಜಗತ್ತಿನಾದ್ಯಂತ ಬಳಕೆಯಾದ ಗ್ರಂಥ. ದೀರ್ಘಕಾಲ ನೀಲಿಹಸಿರು ಪಾಚಿ ಎಂದು ಸಸ್ಯಗಳ ಜೊತೆ ಇಟ್ಟಿದ್ದ ಈ ಜೀವಿಗಳ ಹೆಸರಿಡುವಿಕೆಯನ್ನು ಬ್ಯಾಕ್ಟೀರಿಯಗಳ ಸಂಹಿತೆಯಡಿ ತರಬೇಕೆಂದು 1978ರಲ್ಲಿ ರಾಜರ್ ಸ್ಟೇನಿಯರ್ ಮತ್ತು ಸಂಗಡಿಗರು ಪ್ರಸ್ತಾಪಿಸಿದರು.

ತಡೆಗಟ್ಟುವಿಕೆ

ಶುದ್ಧೀಕರಿಸಿದ ನೀರು, ಮಿತವಾದ ಆಹಾರ, ಮೂಲೆಮೂಲೆಗೂ ತಲುಪುವ ಹರಿವು, ಶೂನ್ಯಕ್ಕಿಳಿಯದ ಹಾಗೂ ಮಿತಿಮೀರದ ಪೋಷಕಾಂಶ ಇವು ನಾಲ್ಕು ಆಧಾರಗಳು. ನೈಟ್ರೇಟ್, ಫಾಸ್ಫೇಟ್‌ಗಳನ್ನು ವಾರಕ್ಕೊಮ್ಮೆ ಅಳೆದು ಬರೆದಿಟ್ಟುಕೊಂಡರೆ ಕಲೆ ಮೂಡುವ ಮೊದಲೇ ಏರುಪೇರು ಗೊತ್ತಾಗುತ್ತದೆ. ಒಮ್ಮೆಗೆ ಒಂದೇ ಬದಲಾವಣೆ ಮಾಡಿ ಒಂದೆರಡು ವಾರ ಕಾದು ನೋಡಬೇಕು. ಹಲವು ಕ್ರಮಗಳನ್ನು ಒಟ್ಟಿಗೆ ಕೈಗೊಂಡರೆ ಯಾವುದು ಫಲಿಸಿತೆಂದು ತಿಳಿಯುವುದಿಲ್ಲ.

ಕಡಲಿನ ಯಾವ ಹವಳದಂಗಳದ ಮರಳೂ ಅಚ್ಚಬಿಳಿಯಾಗಿರುವುದಿಲ್ಲ. ತೆಳುವಾದ ಕಂದು ಛಾಯೆ, ಗಾಜಿನಂಚಿನ ಮರಳಿನಲ್ಲಿ ಹಸಿರು ಗೆರೆ ಇವೆಲ್ಲ ಜೀವಂತ ಹಾಸಿನ ಸಹಜ ಲಕ್ಷಣಗಳು. ಹವಳವನ್ನು ಮುಚ್ಚುವ, ಹುಳುಗಳನ್ನು ಕೊಲ್ಲುವ, ದಿನದಿನಕ್ಕೂ ದಪ್ಪವಾಗುವ ಪದರಕ್ಕೆ ಮಾತ್ರ ಚಿಕಿತ್ಸೆ ಬೇಕು. ಆ ಚಿಕಿತ್ಸೆಯೂ ಮಾಪಕ ಮತ್ತು ಸೂಕ್ಷ್ಮದರ್ಶಕದಿಂದ ಆರಂಭವಾಗಬೇಕೇ ಹೊರತು ಔಷಧದ ಸೀಸೆಯಿಂದಲ್ಲ.